ಕಾರ್ಖಾನೆಗಳ ಹಸಿರು ಪ್ರಮಾಣಪತ್ರ

ರಾಯಕೋಟೆಯ ಟೊಮೆಟೊ ಹೊಲಗಳನ್ನು ದಾಟಿ ಹೊಸೂರನ್ನು ಸಮೀಪಿಸಿದಂತೆ ಕಾರ್ಖಾನೆಗಳ ಗೋಡೆಗಳು ಕಾಣತೊಡಗುತ್ತವೆ. ಇಂತಹ ಹತ್ತಾರು ಕಾರ್ಖಾನೆ, ಗೋದಾಮುಗಳು ಒಂದೇ ಒಡೆತನದಲ್ಲಿದ್ದಾಗ ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ‘ಹಸಿರು ಕಟ್ಟಡ’ದ ಮಾನ್ಯತೆ ಪಡೆಯುವುದು ಶ್ರಮದ ಕೆಲಸ, ಒಂದೇ ಬಗೆಯ ದಾಖಲೆಗಳನ್ನು ಮತ್ತೆ ಮತ್ತೆ ಸಿದ್ಧಪಡಿಸಬೇಕಾಗುತ್ತದೆ.

2001ರಲ್ಲಿ ಸ್ಥಾಪನೆಗೊಂಡ ಭಾರತೀಯ ಹಸಿರು ಕಟ್ಟಡ ಮಂಡಳಿಯು ಕಾರ್ಖಾನೆಗಳಿಗೆಂದೇ ಮಾನದಂಡವನ್ನು ರೂಪಿಸಿದೆ. ಅಮೆರಿಕದಲ್ಲಿ ಹುಟ್ಟಿದ ಲೀಡ್ ಪದ್ಧತಿಯೂ ಇಲ್ಲಿ ಬಳಕೆಯಲ್ಲಿದೆ. ಅದರಲ್ಲಿ 110 ಅಂಕಗಳ ಪೈಕಿ 40 ದೊರೆತರೆ ಮಾನ್ಯತೆ, 80 ಅಥವಾ ಹೆಚ್ಚು ದೊರೆತರೆ ಪ್ಲಾಟಿನಂ. ಅನೇಕ ಕಟ್ಟಡಗಳಿರುವವರಿಗಾಗಿ ಲೀಡ್ ಒಂದು ಸುಲಭ ಕ್ರಮವನ್ನು ಕಂಡುಕೊಂಡಿತು: ಮಾದರಿ ವಿನ್ಯಾಸವೊಂದನ್ನು ಮೊದಲೇ ಪರಿಶೀಲಿಸಿ, ಸಮಾನ ಅಂಶಗಳಿಗೆ ಒಮ್ಮೆಗೇ ಒಪ್ಪಿಗೆ ನೀಡುವುದು, ಅನಂತರ ಆಯ್ದ ಕೆಲವು ಕಟ್ಟಡಗಳನ್ನಷ್ಟೇ ಕೂಲಂಕಷವಾಗಿ ತಪಾಸಿಸುವುದು.

ದೀಪ, ನಲ್ಲಿ, ಬಣ್ಣ, ಖರೀದಿಯ ನಿಯಮ ಇವುಗಳಿಗೆ ಈ ಕ್ರಮ ಸಲ್ಲುತ್ತದೆ. ನೀರಿಗೆ ಸಲ್ಲದು. ‘ಪ್ರಮಾಣ’ವೆಂದರೆ ಅಳತೆಯೂ ಹೌದು, ಆಣೆಯೂ ಹೌದು, ಅಳೆಯದೆ ಆಣೆಯಿಡಲಾಗದು. ಚೆನ್ನೈ ಬಳಿಯ ಶ್ರೀಪೆರುಂಬುದೂರಿನಲ್ಲಿ ಹಾಕಿದ ಮಳೆನೀರಿನ ಲೆಕ್ಕ ಕೃಷ್ಣಗಿರಿ ಜಿಲ್ಲೆಯ ಗಟ್ಟಿ ಬಂಡೆಯ ನೆಲಕ್ಕೆ ಹೊಂದುವುದಿಲ್ಲ. ಇಲ್ಲಿ ಅಂತರ್ಜಲ ನಿಲ್ಲುವುದು ಬಹುಮಟ್ಟಿಗೆ ಬಂಡೆಯ ಬಿರುಕುಗಳಲ್ಲಿ. ಬಿರುಕಿಲ್ಲದೆಡೆ ತೋಡಿದ ಇಂಗುಗುಂಡಿ ಕಾಗದದ ಮೇಲೆ ಅಂಕ ತರಬಹುದು, ನೆಲಕ್ಕೆ ನೀರು ತರಲಾರದು. ಕಾರ್ಖಾನೆಯ ಕೊಳವೆಬಾವಿಯೂ ನೆರೆಯ ಟೊಮೆಟೊ ಬೆಳೆಗಾರನ ಕೊಳವೆಬಾವಿಯೂ ಅದೇ ಬಿರುಕಿನಿಂದ ನೀರೆತ್ತುತ್ತಿರಬಹುದು. ಆದುದರಿಂದ ಉಳಿದ ದಾಖಲೆಗಳನ್ನು ಒಂದೇ ಕಡತದಲ್ಲಿ ಸೇರಿಸಿದರೂ, ನೀರಿನ ಮೀಟರಿನ ಲೆಕ್ಕವನ್ನೂ ಕೊಳವೆಬಾವಿಯ ಮಟ್ಟವನ್ನೂ ಆಯಾ ನಿವೇಶನದಲ್ಲಿಯೇ, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ, ಅಳೆಯಬೇಕಾಗುತ್ತದೆ.