ಲಿಂಕನ್ ಕುದುರೆ ಜಪ್ತಿ ಆದಾಗ: ಅಮೆರಿಕದ ಗಡಿನಾಡಿನ ಸಾಲದ ಕೇಸುಗಳ ಕಥೆ

(ಈ ವಾರದ ಆಡಿಯೋ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ದೀರಿ ಅಂದ್ಕೊಳ್ತೀನಿ. ಇವತ್ತಿನ ವಿಷಯ ಸಾಲ. ಆದ್ರೆ ಇಎಂಐ, ಲೋನ್ ಆ್ಯಪ್ ಅಲ್ಲ. ಸುಮಾರು 190 ವರ್ಷ ಹಿಂದಕ್ಕೆ, ಅಮೆರಿಕದ ಪಶ್ಚಿಮದ ಗಡಿನಾಡಿಗೆ ಹೋಗೋಣ. ಇಲಿನಾಯ್, ಮಿಸ್ಸೂರಿ, ಕೆಂಟಕಿ, ಟೆಕ್ಸಸ್ ಕಡೆಗೆ.

ಕೌಬಾಯ್ ಸಿನಿಮಾ ನೋಡಿದವರಿಗೆ ಶೆರಿಫ್ ಅಂದ್ರೆ ಸೊಂಟದಲ್ಲಿ ಪಿಸ್ತೂಲು, ಎದೆ ಮೇಲೆ ನಕ್ಷತ್ರದ ಬಿಲ್ಲೆ. ನಿಜವಾದ ಶೆರಿಫ್‌ನ ದಿನನಿತ್ಯದ ಕೆಲಸ ಅಷ್ಟೊಂದು ರೋಚಕವಾಗಿರಲಿಲ್ಲ. ಕೋರ್ಟಿನ ಕಾಗದ ತಲುಪಿಸೋದು, ಜಪ್ತಿ ಮಾಡೋದು, ಹರಾಜು ಕೂಗೋದು, ಎಷ್ಟೋ ಕಡೆ ತೆರಿಗೆ ವಸೂಲಿಯೂ ಅವನದ್ದೇ. ನಮ್ಮ ಕಡೆ ಹೇಳೋದಾದ್ರೆ ಕೋರ್ಟ್ ಅಮೀನ ಮಾಡುವ ಕೆಲಸ. ಒಂದೊಂದು ಸಮನ್ಸ್ ತಲುಪಿಸಿದ್ದಕ್ಕೂ ಅವನಿಗೆ ಫೀಸು, ಕುದುರೆ ಮೇಲೆ ಹೋಗಿ ಬಂದ ಮೈಲಿಗೆ ಲೆಕ್ಕ ಹಾಕಿ ಭತ್ಯೆ. ಆ ಕಾಗದಗಳಲ್ಲಿ ದೊಡ್ಡ ಪಾಲು ಯಾವುದರದ್ದು? ಕೊಲೆ, ದರೋಡೆಯದ್ದಲ್ಲ, ಸಾಲದ್ದು.

ಒಬ್ಬ ಸಾಲಗಾರನಿಂದಲೇ ಶುರು ಮಾಡ್ತೀನಿ. ಊರು ಇಲಿನಾಯ್‌ನ ನ್ಯೂ ಸೇಲಂ, ಸ್ಯಾಂಗಮನ್ ನದಿ ದಂಡೆಯ ಪುಟ್ಟ ಹಳ್ಳಿ. 1832-33ರಲ್ಲಿ ಇಪ್ಪತ್ತಮೂರು-ಇಪ್ಪತ್ತನಾಲ್ಕು ವಯಸ್ಸಿನ ಒಬ್ಬ ಹುಡುಗ ವಿಲಿಯಂ ಬೆರ್ರಿ ಅನ್ನೋ ಗೆಳೆಯನ ಜೊತೆ ಪಾಲುದಾರಿಕೆಯಲ್ಲಿ ಒಂದು ಅಂಗಡಿ ಇಟ್ಟ. ಕೈಯಲ್ಲಿ ದುಡ್ಡಿಲ್ಲ. ಅಂಗಡಿ, ಸಾಮಾನು ಎಲ್ಲಾ ಪ್ರೋನೋಟ್ ಬರೆದುಕೊಟ್ಟು ಕೊಂಡದ್ದು. ವ್ಯಾಪಾರ ಕೈಕೊಟ್ಟಿತು. 1835ರ ಜನವರಿಯಲ್ಲಿ ಬೆರ್ರಿ ತೀರಿಕೊಂಡ. ಉಳಿದ ಹುಡುಗನ ತಲೆ ಮೇಲೆ ಸುಮಾರು 1,100 ಡಾಲರ್ ಸಾಲ ಬಿತ್ತು. ಅದನ್ನ ಅವನು ತಮಾಷೆಗೆ "ರಾಷ್ಟ್ರೀಯ ಸಾಲ" ಅಂತ ಕರೀತಿದ್ದನಂತೆ. ಆ ಹುಡುಗನ ಹೆಸರು ಅಬ್ರಹಾಂ ಲಿಂಕನ್.

ಬಿಕಾಂ ಓದಿದವರಿಗೆ ಪಾಲುದಾರಿಕೆಯ ಪಾಠ ನೆನಪಿರಬಹುದು. ಫರ್ಮಿನ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ, "ನನ್ನ ಪಾಲು ಅರ್ಧ" ಅನ್ನೋ ಮಾತು ಸಾಲ ಕೊಟ್ಟವನ ಎದುರು ನಡೆಯಲ್ಲ. ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ ಅದು. ಲಿಂಕನ್‌ಗೆ ಅದೇ ಪ್ರಶ್ನೆ ಮನೆ ಬಾಗಿಲಿಗೆ ಬಂತು.

ಬೆರ್ರಿ ಇನ್ನೂ ಬದುಕಿದ್ದಾಗಲೇ, 1834ರಲ್ಲಿ, ಪೀಟರ್ ವ್ಯಾನ್ ಬರ್ಗನ್ ಅನ್ನೋನು ಕೇಸು ಹಾಕಿದ್ದ. ಡಿಕ್ರಿ ಆಯ್ತು. ಆಗ ಲಿಂಕನ್ ಭೂಮಿ ಸರ್ವೆ ಕೆಲಸ ಮಾಡ್ಕೊಂಡಿದ್ದ. ಶೆರಿಫ್ ಅವನ ಕುದುರೆ, ಜೀನು, ಲಗಾಮು, ಸರ್ವೆ ಮಾಡುವ ದಿಕ್ಸೂಚಿ, ಸರಪಳಿ ಎಲ್ಲಾ ಜಪ್ತಿ ಮಾಡಿ ಹರಾಜಿಗಿಟ್ಟ. ಸ್ವಲ್ಪ ಯೋಚಿಸಿ. ಡೆಲಿವರಿ ಕೆಲಸ ಮಾಡೋ ಹುಡುಗನ ಬೈಕ್ ಮತ್ತು ಫೋನ್ ಎರಡನ್ನೂ ಒಟ್ಟಿಗೆ ಎತ್ಕೊಂಡು ಹೋದ ಹಾಗೆ. ದುಡಿಯೋ ಸಾಧನವೇ ಹೋದ್ಮೇಲೆ ಸಾಲ ತೀರಿಸೋದಾದ್ರೂ ಹೇಗೆ? ಅದೇ 1834ರಲ್ಲಿ ಅವನು ಇಲಿನಾಯ್ ಶಾಸನಸಭೆಗೆ ಆಯ್ಕೆಯಾಗಿದ್ದ ಅನ್ನೋದು ಬೇರೆ ಮಾತು. ಶಾಸಕ ಅಂತ ಯಾರೂ ಮುಲಾಜು ನೋಡಲಿಲ್ಲ.

ಹರಾಜಿನಲ್ಲಿ ಜೇಮ್ಸ್ ಶಾರ್ಟ್ ಅನ್ನೋ ರೈತ 120 ಡಾಲರ್ ಕೂಗಿ ಅದನ್ನೆಲ್ಲಾ ಕೊಂಡ. ಕೊಂಡು ಲಿಂಕನ್‌ಗೇ ವಾಪಸ್ ಕೊಟ್ಟ. ಲಿಂಕನ್ ಆಮೇಲೆ ಆ ಹಣ ತೀರಿಸಿದ. ಬಾಕಿ ಸಾಲಗಳನ್ನೂ ಒಂದೊಂದಾಗಿ ವರ್ಷಗಟ್ಟಲೆ ತೀರಿಸಿದ.

ಈಗ ಆ ಸಮನ್ಸ್ ಅನ್ನೋ ಕಾಗದ ಹೇಗೆ ಓಡಾಡ್ತಿತ್ತು ನೋಡೋಣ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಒಂದು ಸಣ್ಣ ವಿವರ. ಸಮನ್ಸ್‌ನಲ್ಲಿ ಸಾಲಗಾರನನ್ನ ಉದ್ದೇಶಿಸಿ ಏನೂ ಬರೆದಿರ್ತಿರಲಿಲ್ಲ. ಅದು ಶೆರಿಫ್‌ಗೆ ಬರೆದ ಕಾಗದ. ರಾಜ್ಯದ ಜನರ ಹೆಸರಲ್ಲಿ ಶೆರಿಫ್‌ಗೆ ವಂದನೆ ಹೇಳಿ, ಇಂಥವನು ನಿನ್ನ ಕೌಂಟಿಯಲ್ಲಿ ಸಿಕ್ಕರೆ ಇಂಥ ದಿನ ಕೋರ್ಟಿಗೆ ಬಂದು ಉತ್ತರ ಕೊಡೋಕೆ ಹೇಳು ಅಂತ ಆಜ್ಞೆ. ಕೋರ್ಟಿನ ಗುಮಾಸ್ತ ಅದಕ್ಕೆ ಮುದ್ರೆ ಒತ್ತಿ ಕೊಡ್ತಿದ್ದ. ಶೆರಿಫ್ ಹುಡುಕಿಕೊಂಡು ಹೋಗಿ ಓದಿ ಹೇಳ್ತಿದ್ದ, ಇಲ್ಲಾ ಪ್ರತಿ ಕೊಡ್ತಿದ್ದ. ಆಮೇಲೆ ಅದೇ ಕಾಗದದ ಬೆನ್ನಿಗೆ ಏನಾಯ್ತು ಅಂತ ಷರಾ ಬರೆದು ಕೋರ್ಟಿಗೆ ವಾಪಸ್. ಮನುಷ್ಯ ಸಿಗದಿದ್ರೆ "ಸಿಗಲಿಲ್ಲ" ಅನ್ನೋ ಷರಾ. ಆಗ ಎರಡನೇ ಸಮನ್ಸ್, ಅದಕ್ಕೂ ಸಿಗದಿದ್ರೆ ಮೂರನೇದು.

ಸಣ್ಣ ಮೊತ್ತ ಇದ್ರೆ ಹಳ್ಳಿಯ ಜಸ್ಟಿಸ್ ಆಫ್ ದಿ ಪೀಸ್ ಮುಂದೆ ಹೋಗ್ತಿತ್ತು. ಇವನು ಎಷ್ಟೋ ಸಲ ಕಾನೂನು ಓದದ ರೈತನೋ ಅಂಗಡಿಯವನೋ ಆಗಿರ್ತಿದ್ದ, ಮನೆ ಪಡಸಾಲೆಯಲ್ಲೇ ವಿಚಾರಣೆ. ದೊಡ್ಡದಾದ್ರೆ ಸರ್ಕ್ಯೂಟ್ ಕೋರ್ಟ್. ಅಂದ್ರೆ ನ್ಯಾಯಾಧೀಶ ಒಂದು ಕಡೆ ಕೂರಲ್ಲ, ಕೌಂಟಿಯಿಂದ ಕೌಂಟಿಗೆ ಸುತ್ತುತ್ತಾನೆ, ವಕೀಲರು ಹಿಂದೆಯೇ. ಲಿಂಕನ್ ಆಮೇಲೆ ವಕೀಲನಾಗಿ ಸುತ್ತಿದ ಎಂಟನೇ ಸರ್ಕ್ಯೂಟ್‌ನಲ್ಲಿ ಒಂದು ಕಾಲಕ್ಕೆ 14 ಕೌಂಟಿ ಇದ್ದವು. ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಒಮ್ಮೆ, ಚಳಿ ಶುರುವಾಗೋ ಮುಂಚೆ ಒಮ್ಮೆ. ಕೋರ್ಟ್ ಬಂದ ವಾರ ಆ ಊರಿಗೆ ಜಾತ್ರೆ ಇದ್ದಂಗೆ. ಕುದುರೆ ಮಾರೋರು, ಭಾಷಣ ಮಾಡೋ ರಾಜಕಾರಣಿಗಳು, ಸುಮ್ಮನೆ ಕೇಸು ಕೇಳೋಕೆ ಬಂದ ಜನ.

ಸಾಲದ ಕೇಸುಗಳಲ್ಲಿ ಮಾತ್ರ ನಾಟಕ ಕಡಿಮೆ. ಪ್ರೋನೋಟ್ ಮೇಲೆ ಸಹಿ ಇದೆ, ಏನಂತ ವಾದ ಮಾಡ್ತಾನೆ? ಬಹಳಷ್ಟು ಜನ ಬರ್ತಾನೇ ಇರಲಿಲ್ಲ. ಬರದಿದ್ರೆ ಏಕಪಕ್ಷೀಯ ಡಿಕ್ರಿ. ಐದೇ ನಿಮಿಷದ ಕೆಲಸ.

ಇಲ್ಲಿ ಒಂದು ಚಿಕ್ಕ ಬ್ರೇಕ್ ತಗೊಂಡು ನಮ್ಮ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಎರಡಕ್ಕೂ ಬೇರು ಒಂದೇ, ಇಂಗ್ಲಿಷರ ಕಾನೂನು. ನಮ್ಮಲ್ಲೂ ಸಮನ್ಸ್ ಬಂದಾಗ ಹೋಗದಿದ್ರೆ ಕೇಸು ಏಕಪಕ್ಷೀಯ ಆಗುತ್ತೆ. ವಕೀಲರ ನೋಟಿಸ್ ಬೇರೆ, ಕೋರ್ಟ್ ಸಮನ್ಸ್ ಬೇರೆ. ವಾಟ್ಸಾಪ್‌ನಲ್ಲಿ ಕೆಂಪು ಮುದ್ರೆಯ ಪಿಡಿಎಫ್ ಬಂದ ತಕ್ಷಣ ಗಾಬರಿ ಬೀಳ್ಬೇಡಿ, ಡಿಲೀಟೂ ಮಾಡ್ಬೇಡಿ. ನಿಜವಾದ ಕೇಸಿಗೆ ನಂಬರ್ ಇರುತ್ತೆ. ಇ-ಕೋರ್ಟ್ಸ್ ವೆಬ್‌ಸೈಟ್ ಅಥವಾ ಆ್ಯಪಲ್ಲಿ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿದ್ರೆ ಕೇಸು ಇದೆಯೋ ಇಲ್ವೋ, ಮುಂದಿನ ದಿನಾಂಕ ಯಾವಾಗ, ಎಲ್ಲಾ ಗೊತ್ತಾಗುತ್ತೆ. ಸರಿ, ವಾಪಸ್ ಇಲಿನಾಯ್‌ಗೆ.

ಅಷ್ಟೊಂದು ಜನ ಯಾಕೆ ಸಾಲದಲ್ಲಿ ಮುಳುಗಿದ್ರು? ಸೋಮಾರಿಗಳಾಗಿದ್ರಾ? ಇಲ್ಲ. ಗಡಿನಾಡಲ್ಲಿ ನಗದೇ ಇರಲಿಲ್ಲ. ಬೆಳ್ಳಿ ನಾಣ್ಯ ಜಮೀನಿನ ಬೆಲೆಗೆ, ಪೂರ್ವದ ಸಾಮಾನಿಗೆ ಅಂತ ಹೊರಟುಹೋಗ್ತಿತ್ತು. ಒಂದೊಂದು ಬ್ಯಾಂಕೂ ತನ್ನದೇ ನೋಟು ಅಚ್ಚು ಹಾಕ್ತಿತ್ತು, ಆ ನೋಟಿಗೆ ಊರು ದಾಟಿದ್ರೆ ಪೂರ್ತಿ ಬೆಲೆ ಇಲ್ಲ. ಹಾಗಾಗಿ ಎಲ್ಲಾ ಉದ್ರಿ ಮೇಲೆ. ರೈತ ಅಂಗಡಿಯವನಿಗೆ ಸಾಲ. ಅಂಗಡಿಯವನು ಸೇಂಟ್ ಲೂಯಿಯ ಸಗಟು ವ್ಯಾಪಾರಿಗೆ ಸಾಲ. ಅವನು ಫಿಲಡೆಲ್ಫಿಯಾ, ನ್ಯೂಯಾರ್ಕಿನವನಿಗೆ. ಅವರು ಲಂಡನ್ನಿಗೆ. ಪ್ರೋನೋಟೇ ದುಡ್ಡಿನ ಥರ ಕೈಯಿಂದ ಕೈಗೆ ಹೋಗ್ತಿತ್ತು. ನೀನು ನನಗೆ ಬರೆದುಕೊಟ್ಟ ಕಾಗದದ ಹಿಂದೆ ಸಹಿ ಹಾಕಿ ನಾನು ಇನ್ನೊಬ್ಬನಿಗೆ ಕೊಟ್ಟೆ ಅಂದ್ರೆ, ನಾಳೆ ನಿನ್ನ ಮೇಲೆ ಕೇಸು ಹಾಕೋನು ನೀನು ಮುಖವನ್ನೇ ನೋಡದ ಮನುಷ್ಯ ಆಗಿರಬಹುದು.

ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದ್ರೆ ಸಾಕು. 1836ರ ಜುಲೈನಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸರ್ಕಾರ, ಸರ್ಕಾರಿ ಜಮೀನು ಕೊಳ್ಳಬೇಕಾದ್ರೆ ಚಿನ್ನ-ಬೆಳ್ಳಿಯಲ್ಲೇ ಕೊಡಿ ಅಂತ ಆದೇಶ ಹೊರಡಿಸಿತು. ಹತ್ತಿ ಬೆಲೆ ಕುಸಿಯಿತು, ಲಂಡನ್ನಿನ ಸಾಲ ಕೊಡೋರು ಕೈ ಬಿಗಿ ಮಾಡಿದ್ರು. 1837ರ ಮೇನಲ್ಲಿ ನ್ಯೂಯಾರ್ಕ್ ಬ್ಯಾಂಕುಗಳು ನೋಟಿಗೆ ನಾಣ್ಯ ಕೊಡೋದನ್ನ ನಿಲ್ಲಿಸಿದವು. ಆಗ ಮೇಲಿನವನು ಕೆಳಗಿನವನ ಮೇಲೆ, ಅವನು ತನ್ನ ಕೆಳಗಿನವನ ಮೇಲೆ ಕೇಸು. ಕೊನೆಗೆ ಶೆರಿಫ್ ಬಂದು ನಿಲ್ಲೋದು ಜೋಳದ ಹೊಲದ ಬೇಲಿ ಹತ್ರ.

ಜಪ್ತಿ ಆದ ಜಮೀನನ್ನ ಕೋರ್ಟಿನ ಬಾಗಿಲಲ್ಲೇ ಹರಾಜು ಹಾಕ್ತಿದ್ರು. ಊರಲ್ಲಿ ಯಾರ ಹತ್ರವೂ ನಗದಿಲ್ಲ. ಕೂಗೋರು ಯಾರು? ಬಹಳ ಸಲ ಸಾಲ ಕೊಟ್ಟವನೇ. ಜುಜುಬಿ ಬೆಲೆಗೆ ಜಮೀನು ಅವನ ಪಾಲು, ಉಳಿದ ಸಾಲ ಹಾಗೇ ರೈತನ ತಲೆ ಮೇಲೆ. ಇದನ್ನ ತಡೆಯೋಕೆ ಇಲಿನಾಯ್ 1841ರಲ್ಲಿ ಒಂದು ಕಾನೂನು ತಂತು: ಅಂದಾಜು ಬೆಲೆಯ ಮೂರನೇ ಎರಡು ಭಾಗಕ್ಕಿಂತ ಕಡಿಮೆಗೆ ಮಾರೋ ಹಾಗಿಲ್ಲ, ಮತ್ತು ಅಡವಿಟ್ಟ ಜಮೀನು ಕಳಕೊಂಡವನು 12 ತಿಂಗಳೊಳಗೆ ಹಣ ಕಟ್ಟಿ ಬಿಡಿಸ್ಕೋಬಹುದು. 1843ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬ್ರಾನ್ಸನ್ ವಿರುದ್ಧ ಕಿನ್ಜಿ ಕೇಸಲ್ಲಿ, ಹಳೇ ಒಪ್ಪಂದಗಳಿಗೆ ಈ ಕಾನೂನು ಅನ್ವಯಿಸಲ್ಲ, ಸಂವಿಧಾನಕ್ಕೆ ವಿರುದ್ಧ ಅಂತ ಹೊಡೆದುಹಾಕಿತು. ಸಾಲ ಕೊಟ್ಟವನ ಹಕ್ಕಿನ ದೃಷ್ಟಿಯಿಂದ ತರ್ಕ ಸರಿ ಇರಬಹುದು. ಆದ್ರೆ ನಗದೇ ಇಲ್ಲದ ಊರಲ್ಲಿ ಹರಾಜಿನ ಬೆಲೆಯನ್ನ "ಮಾರುಕಟ್ಟೆ ಬೆಲೆ" ಅನ್ನೋದು ನನಗಂತೂ ಒಪ್ಪಿಗೆ ಆಗಲ್ಲ.

ಇದೆಲ್ಲಾ ತಲೆನೋವೇ ಬೇಡ ಅಂತ ರಾತ್ರೋರಾತ್ರಿ ಗಾಡಿ ಕಟ್ಟಿದವರೂ ಇದ್ರು. ಬಾಗಿಲ ಮೇಲೆ ಮೂರೇ ಅಕ್ಷರ: ಜಿ.ಟಿ.ಟಿ. "ಟೆಕ್ಸಸ್‌ಗೆ ಹೋದ್ರು" ಅನ್ನೋದರ ಸಂಕ್ಷೇಪ. ಟೆಕ್ಸಸ್ ಆಗ ಅಮೆರಿಕದಲ್ಲೇ ಇರಲಿಲ್ಲ. ಮೊದಲು ಮೆಕ್ಸಿಕೋದ ಭಾಗ, 1836ರಿಂದ 1845ರ ಕೊನೆಯವರೆಗೆ ಬೇರೆಯೇ ಒಂದು ದೇಶ. ಇಲಿನಾಯ್ ಶೆರಿಫ್‌ನ ಕಾಗದ ಅಲ್ಲಿ ನಡೆಯಲ್ಲ. ಹಾಗಂತ ಸಾಲ ಕೊಟ್ಟವನು ಸುಮ್ಮನೆ ಕೂರ್ತಿರಲಿಲ್ಲ. ಓಡಿಹೋದವನು ಬಿಟ್ಟುಹೋದ ಆಸ್ತಿಯನ್ನ ಪ್ರಮಾಣಪತ್ರ ಹಾಕಿ, ಬಾಂಡ್ ಕೊಟ್ಟು ಮುಟ್ಟುಗೋಲು ಹಾಕಿಸ್ತಿದ್ದ. ಅವನಿಗೆ ಬೇರೆಯವರು ಕೊಡಬೇಕಾದ ಬಾಕಿಯನ್ನೂ ತನ್ನ ಕಡೆ ತಿರುಗಿಸ್ಕೊಳ್ತಿದ್ದ. ಸಮನ್ಸ್ ಪೇಪರಲ್ಲಿ ಪ್ರಕಟ ಆಗ್ತಿತ್ತು. ನೂರಾರು ಮೈಲಿ ಆಚೆ ಇದ್ದವನು ಆ ಪೇಪರ್ ಓದ್ತಾನಾ? ಇಲ್ಲ. ಆದ್ರೂ ಕಾನೂನಿನ ಲೆಕ್ಕದಲ್ಲಿ ಅವನಿಗೆ ತಲುಪಿತು.

ಹೀಗೆ ಓಡಿಬಂದವರಿಂದ ತುಂಬಿದ ಟೆಕ್ಸಸ್ ಎಂಥ ಕಾನೂನು ಮಾಡಿರುತ್ತೆ ಹೇಳಿ? 1839ರ ಜನವರಿಯಲ್ಲಿ ಟೆಕ್ಸಸ್ ಗಣರಾಜ್ಯ ಒಂದು ಕಾಯ್ದೆ ತಂತು. ಸಾಲಕ್ಕಾಗಿ ಒಂದು ಕುಟುಂಬದ 50 ಎಕರೆ ಜಮೀನು ಅಥವಾ ಪೇಟೆಯ ಮನೆ ನಿವೇಶನ ಮುಟ್ಟೋ ಹಾಗಿಲ್ಲ. ಬೇಸಾಯದ ಸಾಮಾನು, ಕಸುಬಿನ ಉಪಕರಣ, ಪುಸ್ತಕ ಮುಟ್ಟೋ ಹಾಗಿಲ್ಲ. ಐದು ಹಾಲು ಕೊಡೋ ಹಸು, ಒಂದು ಜೋಡಿ ಎತ್ತು ಅಥವಾ ಒಂದು ಕುದುರೆ, 20 ಹಂದಿ, ಒಂದು ವರ್ಷದ ದಿನಸಿ, ಇವನ್ನೂ ಬಿಡಬೇಕು. ಲಿಂಕನ್ ಅಲ್ಲಿ ಇದ್ದಿದ್ರೆ ಕುದುರೆಯೂ ಉಳೀತಿತ್ತು, ಸರ್ವೆ ಸಾಮಾನೂ ಉಳೀತಿತ್ತು. ಮಿಸಿಸಿಪ್ಪಿ 1841ರಲ್ಲಿ, ಆಮೇಲೆ ವಿಸ್ಕಾನ್ಸಿನ್, ಕ್ಯಾಲಿಫೋರ್ನಿಯಾ, ಹೀಗೆ ಇದೇ ದಾರಿಗೆ ಬಂದವು. ಟೆಕ್ಸಸ್‌ನಲ್ಲಿ ಇವತ್ತಿಗೂ ಹಳ್ಳಿಯ ಕುಟುಂಬಕ್ಕೆ 200 ಎಕರೆವರೆಗೆ ಈ ರಕ್ಷಣೆ ಇದೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲೂ ಅಡುಗೆ ಪಾತ್ರೆ, ಹಾಸಿಗೆ, ಕಸುಬುದಾರನ ಸಲಕರಣೆ, ರೈತನ ನೇಗಿಲು-ದನಗಳನ್ನ ಜಪ್ತಿಯಿಂದ ಹೊರಗಿಟ್ಟಿದ್ದಾರೆ.

ಆದ್ರೆ ಈ ಉದಾರತೆಯ ಇನ್ನೊಂದು ಮಗ್ಗುಲು ಹೇಳದೆ ಹೋದ್ರೆ ಸಂಚಿಕೆ ಸುಳ್ಳಾಗುತ್ತೆ. ಮಿಸ್ಸೂರಿ, ಕೆಂಟಕಿ, ಟೆಕ್ಸಸ್‌ನಲ್ಲಿ ಗುಲಾಮಗಿರಿ ಇತ್ತು. ಕಾನೂನಿನ ಕಣ್ಣಲ್ಲಿ ಗುಲಾಮರು ಆಸ್ತಿ. ಯಜಮಾನ ಸಾಲ ತೀರಿಸದಿದ್ರೆ ಶೆರಿಫ್ ಕುದುರೆ ಜೊತೆ ಮನುಷ್ಯರನ್ನೂ ಹರಾಜಿಗೆ ನಿಲ್ಲಿಸ್ತಿದ್ದ. ತಾಯಿ ಒಬ್ಬನಿಗೆ, ಮಗು ಇನ್ನೊಬ್ಬನಿಗೆ. ಆ ಸಾಲದಲ್ಲಿ ಅವರದ್ದು ಒಂದು ಪೈಸೆ ಇಲ್ಲ. ಅವರ ಹೆಸರಿಗೆ ಸಮನ್ಸೂ ಬರ್ತಿರಲಿಲ್ಲ. ಮೂಲನಿವಾಸಿಗಳ ವಿಷಯದಲ್ಲಿ ಸಾಲವೇ ಆಯುಧ. 1803ರಲ್ಲಿ ಅಧ್ಯಕ್ಷ ಜೆಫರ್ಸನ್, ವಿಲಿಯಂ ಹೆನ್ರಿ ಹ್ಯಾರಿಸನ್‌ಗೆ ಬರೆದ ಪತ್ರದಲ್ಲಿ, ಅವರ ಮುಖಂಡರು ವ್ಯಾಪಾರ ಕೇಂದ್ರಗಳಲ್ಲಿ ಸಾಲ ಮಾಡಿಕೊಂಡ್ರೆ ನಮಗೆ ಒಳ್ಳೇದು, ತೀರಿಸೋಕಾಗದೆ ಜಮೀನು ಬಿಟ್ಟುಕೊಡ್ತಾರೆ ಅನ್ನೋ ಅರ್ಥದ ಮಾತು ಬರೆದಿದ್ದಾರೆ. ಎರಡೇ ವರ್ಷಕ್ಕೆ, 1805ರಲ್ಲಿ, ಚಾಕ್ಟಾ ಜನ ಒಂದು ಒಪ್ಪಂದದಲ್ಲಿ ದೊಡ್ಡ ಪ್ರದೇಶವನ್ನೇ ಬಿಟ್ಟುಕೊಟ್ರು. ಬಂದ ಹಣದಲ್ಲಿ ಬಹುಪಾಲು ವ್ಯಾಪಾರಿ ಕಂಪನಿಯ ಬಾಕಿಗೆ ಹೋಯ್ತು.

ಇನ್ನೊಂದು ಕುತೂಹಲದ ಕೊಂಡಿ, ಸಿಬಿಲ್ ಸ್ಕೋರ್ ನೋಡಿ ನೋಡಿ ಸುಸ್ತಾದವರಿಗೆ. 1837ರ ಕುಸಿತದಲ್ಲಿ ಮುಳುಗಿದ ನ್ಯೂಯಾರ್ಕ್‌ನ ರೇಷ್ಮೆ ವ್ಯಾಪಾರಿಗಳಲ್ಲಿ ಲೂಯಿಸ್ ಟ್ಯಾಪನ್ ಒಬ್ಬ. ಗುಲಾಮಗಿರಿ ವಿರುದ್ಧ ಹೋರಾಡಿದವನೂ ಹೌದು. ದೂರದ ಊರಿನ ಅಂಗಡಿಯವನು ನಂಬಿಕಸ್ತನೋ ಅಲ್ವೋ ಅಂತ ತಿಳಿಯೋದು ಹೇಗೆ? 1841ರಲ್ಲಿ ಅವನು ಮರ್ಕೆಂಟೈಲ್ ಏಜೆನ್ಸಿ ಶುರು ಮಾಡಿದ. ಊರೂರಲ್ಲಿ ವರದಿಗಾರರು, ಹೆಚ್ಚಿನವರು ಸ್ಥಳೀಯ ವಕೀಲರು. ಇಂಥವನು ಕುಡೀತಾನಾ, ಆಸ್ತಿ ಎಷ್ಟು, ಹೆಂಡತಿ ಕಡೆ ಸ್ಥಿತಿ ಹೇಗೆ, ಎಲ್ಲಾ ದಪ್ಪ ಲೆಡ್ಜರ್‌ಗಳಲ್ಲಿ. ವಕೀಲರಿಗೆ ಪ್ರತಿಫಲ ಏನಂದ್ರೆ ಆ ಊರಿನ ವಸೂಲಿ ಕೇಸುಗಳು. ಅಂಥ ವರದಿಗಾರರಲ್ಲಿ ಲಿಂಕನ್ ಕೂಡ ಒಬ್ಬ. ಆ ಸಂಸ್ಥೆಯೇ ಮುಂದೆ ಡನ್ ಆ್ಯಂಡ್ ಬ್ರಾಡ್‌ಸ್ಟ್ರೀಟ್ ಆಯ್ತು. ಕಂಪನಿ ಹೆಸರಲ್ಲಿ ಐಫೋನ್ ಆ್ಯಪ್ ಬಿಡೋಕೆ ಹೋದ್ರೆ ಆ್ಯಪಲ್ ಕೇಳೋ ಡಿ-ಯು-ಎನ್-ಎಸ್ ನಂಬರ್ ಕೊಡೋದು ಇವರೇ.

ಕೊನೆಗೆ ಲಿಂಕನ್ ವಕೀಲಿಕೆಗೆ ಬರೋಣ. ಅವನೂ ಅವನ ಪಾಲುದಾರರೂ ನಡೆಸಿದ 5,000ಕ್ಕೂ ಹೆಚ್ಚು ಕೇಸುಗಳ ದಾಖಲೆ ಸಿಕ್ಕಿದೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಸಾಲ ವಸೂಲಿಯದ್ದು. ಒಮ್ಮೆ ಸಾಲಗಾರನ ಪರ, ಒಮ್ಮೆ ಸಾಲ ಕೊಟ್ಟವನ ಪರ. ಎರಡೂ ಕಡೆಯ ನೋವು ಗೊತ್ತಿದ್ದ ವಕೀಲ. ಆದ್ರೆ ಅವನ ಒಂದು ವಸೂಲಿ ಕೇಸು ಸ್ವಂತದ್ದೇ. ಇಲಿನಾಯ್ ಸೆಂಟ್ರಲ್ ರೈಲ್ವೆ ಪರ ಒಂದು ತೆರಿಗೆ ಕೇಸು ಗೆದ್ದುಕೊಟ್ಟು 5,000 ಡಾಲರ್ ಫೀಸು ಕೇಳಿದ, ರೈಲ್ವೆ ಕೊಡಲಿಲ್ಲ. 1857ರಲ್ಲಿ ಲಿಂಕನ್ ರೈಲ್ವೆ ಮೇಲೇ ಕೇಸು ಹಾಕಿ, ಮುಂಗಡ 200 ಕಳೆದು 4,800 ಡಾಲರ್‌ಗೆ ಡಿಕ್ರಿ ತಗೊಂಡ. ಆಗಲೂ ದುಡ್ಡು ಬರಲಿಲ್ಲ. ಕೊನೆಗೆ ಜಪ್ತಿ ಆದೇಶ ಹೊರಟಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದೆ ಅವನ ಕುದುರೆ ಎತ್ಕೊಂಡು ಹೋಗಿದ್ದ ಅದೇ ಥರದ ಕಾಗದ, ಈ ಸಲ ರೈಲ್ವೆ ಕಂಪನಿಯ ಹೆಸರಿಗೆ. ಆಗಸ್ಟಲ್ಲಿ ಹಣ ಬಂತು. ಅರ್ಧ ತಾನಿಟ್ಕೊಂಡು, ಅರ್ಧ ಪಾಲುದಾರ ವಿಲಿಯಂ ಹರ್ನ್‌ಡನ್‌ಗೆ ಕೊಟ್ಟ.

ಈ ಸಂಚಿಕೆ ಇಷ್ಟೇ. ಸಮನ್ಸ್, ನೋಟಿಸ್ ಬಗ್ಗೆ ಪ್ರಶ್ನೆ ಇದ್ರೆ ಕಾಮೆಂಟಲ್ಲಿ ಹಾಕಿ, ಒಬ್ಬ ವಕೀಲರನ್ನ ಕೂರಿಸ್ಕೊಂಡು ಇನ್ನೊಂದು ಸಂಚಿಕೆಯಲ್ಲಿ ಮಾತಾಡೋಣ.