ಪಿಂಗ್: ಗಣಕಜಾಲದ ಪ್ರತಿಧ್ವನಿ

ಅರ್ಜಿ ಸಲ್ಲಿಸಲು ಕೊನೆಯ ದಿನ. ಆದರೆ ಗಣಕದಲ್ಲಿ ಪುಟವೇ ತೆರೆಯುತ್ತಿಲ್ಲ. ದೋಷ ಎಲ್ಲಿದೆ? ಗಣಕದಲ್ಲೋ, ಮನೆಯ ರೌಟರಿನಲ್ಲೋ, ಹೊರಗಿನ ಕೇಬಲ್ಲಿನಲ್ಲೋ, ಅರ್ಜಿ ಸ್ವೀಕರಿಸುವ ಸಂಸ್ಥೆಯ ಗಣಕದಲ್ಲೋ? ಇದನ್ನು ಊಹಿಸಬೇಕಾಗಿಲ್ಲ, ಪರೀಕ್ಷಿಸಿ ತಿಳಿಯಬಹುದು. ಅದಕ್ಕೆ ನೆರವಾಗುವ ಪುಟ್ಟ ಆಜ್ಞೆಯೇ ‘ಪಿಂಗ್’.

1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ ಗಣಕಜಾಲ ಕೈಕೊಟ್ಟಿತ್ತು. ಕಾರಣ ಹುಡುಕಲು ಮೈಕ್ ಮೂಸ್ ಎಂಬವರು ಒಂದೇ ರಾತ್ರಿಯಲ್ಲಿ ಈ ಪ್ರೋಗ್ರಾಂ ಬರೆದರು. ಜಲಾಂತರ್ಗಾಮಿಯ ಸೋನಾರ್ ಹೊರಡಿಸುವ ‘ಪಿಂಗ್’ ಸದ್ದಿನ ಹೆಸರನ್ನೇ ಅದಕ್ಕಿಟ್ಟರು. ಸೋನಾರ್ ಶಬ್ದವನ್ನು ಕಳುಹಿಸಿ ಅದರ ಪ್ರತಿಧ್ವನಿಗಾಗಿ ಕಾಯುತ್ತದೆ. ಈ ಆಜ್ಞೆಯೂ ಹಾಗೆಯೇ. ದೂರದ ಗಣಕಕ್ಕೆ ‘ಇದ್ದೀಯಾ?’ ಎಂಬ ಕಿರುಸಂದೇಶ ಕಳುಹಿಸಿ, ‘ಇದ್ದೇನೆ’ ಎಂಬ ಉತ್ತರ ಮರಳಲು ಹಿಡಿದ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ತೋರಿಸುತ್ತದೆ.

ಇಲ್ಲೊಂದು ಸರಳ ಲೆಕ್ಕವಿದೆ. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. 1,000 ಕಿ.ಮೀ. ಉದ್ದದ ಎಳೆಯಲ್ಲಿ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡು ಬೇಕು. ಅದಕ್ಕಿಂತ ಬಹಳ ಹೆಚ್ಚಾದರೆ ದಾರಿ ಸುತ್ತುಬಳಸಾಗಿರಬಹುದು, ಇಲ್ಲವೇ ನಡುವೆ ದಟ್ಟಣೆ ಇರಬಹುದು.

ಪರೀಕ್ಷೆ ಹತ್ತಿರದಿಂದ ದೂರಕ್ಕೆ ಸಾಗಬೇಕು. ವಿಂಡೋಸ್ ಗಣಕದಲ್ಲಿ ‘ಕಮಾಂಡ್ ಪ್ರಾಂಪ್ಟ್’ ತೆರೆದು ಮೊದಲು 127.0.0.1ಕ್ಕೆ ಪಿಂಗ್ ಮಾಡಿ. ಇದು ನಿಮ್ಮ ಗಣಕದ್ದೇ ವಿಳಾಸ. ಉತ್ತರ ಬಂದರೆ ಅದರೊಳಗಿನ ಜಾಲದ ತಂತ್ರಾಂಶ ಸರಿಯಿದೆ ಎಂದರ್ಥ. ಎರಡನೆಯದು ರೌಟರಿನ ವಿಳಾಸ. ‘ಐಪಿಕಾನ್ಫಿಗ್’ ಆಜ್ಞೆ ಕೊಟ್ಟರೆ ಇದು ‘ಡಿಫಾಲ್ಟ್ ಗೇಟ್‌ವೇ’ ಎಂಬಲ್ಲಿ ಸಿಗುತ್ತದೆ. ಇಲ್ಲಿ ಉತ್ತರವಿಲ್ಲದಿದ್ದರೆ ಮನೆಯ ಕೇಬಲ್ ಅಥವಾ ವೈಫೈ ನೋಡಿ. ಮೂರನೆಯದು ಹೊರಜಗತ್ತು, ಗೂಗಲ್ ಸಂಸ್ಥೆಯ 8.8.8.8 ವಿಳಾಸ ಇದಕ್ಕೆ ಅನುಕೂಲ. ರೌಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ದೋಷ ಬಹುಮಟ್ಟಿಗೆ ಹೊರಗಿನ ಸಂಪರ್ಕದಲ್ಲಿದೆ. ಕೊನೆಗೆ ಬೇಕಾದ ತಾಣದ ಹೆಸರಿಗೇ ಪಿಂಗ್ ಮಾಡಿ. ಸಂಖ್ಯೆಗೆ ಉತ್ತರ ಬಂದು, ಹೆಸರೇ ಸಿಗುತ್ತಿಲ್ಲವೆಂದು ಗಣಕ ಹೇಳಿದರೆ, ಹೆಸರನ್ನು ಸಂಖ್ಯೆಗೆ ಬದಲಿಸುವ ‘ಡಿಎನ್ಎಸ್’ ವ್ಯವಸ್ಥೆಯಲ್ಲಿ ತೊಡಕಿರಬಹುದು. ದೂರವಾಣಿ ಸರಿಯಿದ್ದು ಡೈರೆಕ್ಟರಿ ಕಳೆದುಹೋದಂತೆ!

ಒಂದು ಎಚ್ಚರಿಕೆ. ಭದ್ರತೆಗಾಗಿ ಕೆಲವು ಗಣಕಗಳು ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಮೌನವೊಂದನ್ನೇ ನೋಡಿ ಆ ಗಣಕ ಕೆಟ್ಟಿದೆಯೆಂದು ತೀರ್ಮಾನಿಸಬಾರದು.

ಈ ನಾಲ್ಕು ಪರೀಕ್ಷೆಗಳಿಗೆ ಐದು ನಿಮಿಷ ಸಾಕು. ದೋಷ ಮನೆಯಲ್ಲಿದ್ದರೆ ನೀವೇ ಸರಿಪಡಿಸಬಹುದು. ಹೊರಗಿದ್ದರೆ ದೂರು ಕೊಟ್ಟು, ಸಮಯ ಮೀರುವ ಮೊದಲೇ ನೆರೆಮನೆಗೋ ಸೈಬರ್ ಕೇಂದ್ರಕ್ಕೋ ಹೋಗಿ ಅರ್ಜಿ ಸಲ್ಲಿಸಬಹುದು.