ಕೂಸಿಗೆ ಹರಳೆಣ್ಣೆ ಕುಡಿಸುವ ಮುನ್ನ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಶೇಂಗಾ ಹೊಲದ ಬದುವಿನ ಹರಳು ಗಿಡ ಹೊಸತೇನಲ್ಲ. ಹರಳೆಣ್ಣೆಯೂ ಅಷ್ಟೇ ಪರಿಚಿತ. ಕೂಸು ಎರಡು ದಿನ ಕಕ್ಕ ಮಾಡದಿದ್ದರೆ ಸಾಕು, 'ಹೊಟ್ಟೆ ಕಟ್ಟೈತೆ' ಎಂದು ಅಜ್ಜಿ ಒಳಲೆ ಹುಡುಕುತ್ತಾಳೆ. ಎಣ್ಣೆ ಸವರಿದ ವೀಳ್ಯದೆಲೆಯ ತೊಟ್ಟು ಇಡುವುದು ಇನ್ನೊಂದು ಉಪಾಯ. ಅಜ್ಜಿಯ ಕಾಳಜಿ ದೊಡ್ಡದು. ಆದರೆ ಕೂಸಿಗೆ ನಿಜಕ್ಕೂ ಮಲಬದ್ಧತೆ ಆಗಿದೆಯೇ?

ಇಲ್ಲಿ ದಿನಗಳ ಲೆಕ್ಕ ನಂಬುವಂತಿಲ್ಲ. ತಾಯಿಹಾಲು ಮಾತ್ರ ಕುಡಿಯುವ ಕೂಸು ಮೊದಲ ವಾರಗಳಲ್ಲಿ ದಿನಕ್ಕೆ ಹಲವು ಸಲ ಬಟ್ಟೆ ಕೆಡಿಸುತ್ತದೆ. ತಿಂಗಳೊಪ್ಪತ್ತು ದಾಟಿದ ಮೇಲೆ ಅದೇ ಕೂಸು ನಾಲ್ಕೈದು ದಿನ, ಕೆಲವೊಮ್ಮೆ ವಾರವೇ ಸುಮ್ಮನಿರಬಹುದು. ತಾಯಿಹಾಲು ಬಹುಪಾಲು ಅರಗಿಬಿಡುವುದರಿಂದ ಹೊರಹಾಕಲು ಉಳಿಯುವುದೇ ಕಡಿಮೆ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಾ, ತೂಕ ಏರುತ್ತಾ, ಕೊನೆಗೆ ಹೋದದ್ದು ಮೆತ್ತಗಿದ್ದರೆ ಅದು ಸಹಜ. ಕುರಿ ಹಿಕ್ಕೆಯಂತೆ ಗಟ್ಟಿಯಾಗಿ, ನೋವಿನಿಂದ ಬಂದರೆ ಮಾತ್ರ ಮಲಬದ್ಧತೆ.

ಮುಖ ಕೆಂಪಗೆ ಮಾಡಿ ತಿಣುಕುವುದೂ ಲಕ್ಷಣವಲ್ಲ. ಹೊಟ್ಟೆಯ ಸ್ನಾಯು ಒತ್ತುವ ಹೊತ್ತಿಗೇ ಗುದದ್ವಾರದ ಸ್ನಾಯು ಸಡಿಲಬೇಕು. ಈ ಹೊಂದಾಣಿಕೆ ಕಲಿಯಲು ಕೂಸಿಗೆ ಕೆಲವು ತಿಂಗಳೇ ಬೇಕು. ಹತ್ತಿಪ್ಪತ್ತು ನಿಮಿಷ ಅತ್ತು ಮೆತ್ತಗೆ ಹೋದರೆ ಅದು ಕಲಿಕೆ, ರೋಗವಲ್ಲ. ಪ್ರತಿಸಲ ತೊಟ್ಟು ಇಟ್ಟರೆ ಕಲಿಕೆಗೆ ಅಡ್ಡಿ, ಗಾಯದ ಭಯ ಬೇರೆ.

ಹರಳೆಣ್ಣೆ ಕೆಲಸ ಮಾಡುವುದಿಲ್ಲವೆಂದಲ್ಲ. ಅದರಲ್ಲಿನ ರಿಸಿನೋಲಿಕ್ ಆಮ್ಲ ಕರುಳಿನ ಸ್ನಾಯುವನ್ನು ನೇರವಾಗಿ ಕೆರಳಿಸುತ್ತದೆ. ಅದು ಯಾವ ಗ್ರಾಹಕದ ಮೂಲಕ ಎಂಬುದನ್ನು ಜರ್ಮನಿಯ ಸಂಶೋಧಕರು 2012ರಲ್ಲಿ ತೋರಿಸಿದರು. ಎಳೆಗೂಸಿಗೆ ಈ ಕೆರಳಿಕೆಯೇ ಅತಿಯಾಗಿ ಭೇದಿ ಹತ್ತಿ ಮೈಯ ನೀರು ಬತ್ತಬಹುದು. ಅಳುವ ಬಾಯಿಗೆ ಒಳಲೆಯಲ್ಲಿ ಹೊಯ್ದ ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ. ವರ್ಷ ತುಂಬುವ ತನಕ ಜೇನೂ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಕರುಳನ್ನೇ ಸ್ತಬ್ಧಗೊಳಿಸುತ್ತವೆ.

ಬಿಸಿಲಿನ ನಾಡಾದ್ದರಿಂದ ಕೂಸಿಗೆ ನೀರು ಕುಡಿಸುವ ಆಸೆ ಸಹಜ. ಆದರೆ ತಾಯಿಹಾಲಿನಲ್ಲಿ ಶೇ. 87ರಷ್ಟು ನೀರೇ ಇದೆ. ಮೊದಲ 6 ತಿಂಗಳು ಬೇರೆ ನೀರು ಬೇಕಿಲ್ಲ, ಪದೇ ಪದೇ ಹಾಲೂಡಿಸಿದರಾಯಿತು. ಬಾಯಾರಿಕೆಗೆ ನೀರು ಬೇಕಾದವಳು ತಾಯಿ.

ನಿಜವಾದ ಮಲಬದ್ಧತೆ ಹೆಚ್ಚಾಗಿ ಕಾಣುವುದು ಡಬ್ಬಿ ಹಾಲು, ದನದ ಹಾಲು ಅಥವಾ ಮೇಲೂಟ ಶುರುವಾದಾಗ. ದೊಡ್ಡ ಕರುಳಿನ ಕೆಲಸ ನೀರು ಹೀರುವುದು. ಮಲ ಅಲ್ಲಿ ತಡೆದಷ್ಟೂ ಗಟ್ಟಿ. ನೋವಾಯಿತೆಂದು ಮಗು ಬಿಗಿಹಿಡಿದರೆ ಇನ್ನಷ್ಟು ಗಟ್ಟಿ. ಡಬ್ಬಿ ಪುಡಿಯನ್ನು ಹೇಳಿದ ಅಳತೆಗಿಂತ ಮಂದ ಕಲಸಬಾರದು. 6 ತಿಂಗಳು ದಾಟಿದ ಮಗುವಿಗೆ ಊಟದ ಜೊತೆ ಕಾಯಿಸಿ ಆರಿಸಿದ ನೀರು ಗುಟುಕು ಗುಟುಕಾಗಿ, ರಾಗಿ ಸರಿಯ ಜೊತೆಗೆ ಕಿವುಚಿದ ಪರಂಗಿ ಹಣ್ಣು ಅಥವಾ ಬೇಯಿಸಿದ ಮರಸೇಬು ಕೊಡಬಹುದು. ಮರಸೇಬಿನ ಸಾರ್ಬಿಟಾಲ್ ಎಂಬ ಸಕ್ಕರೆ ಕರುಳಿನಲ್ಲಿ ನೀರು ಹಿಡಿದಿಡುತ್ತದೆ. ಬೆಚ್ಚನೆಯ ನೀರೆರೆದು, ಅಂಗಾತ ಮಲಗಿಸಿ ಕಾಲುಗಳನ್ನು ಸೈಕಲ್ ತುಳಿದಂತೆ ಆಡಿಸಿ, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹಗುರವಾಗಿ ನೀವಬಹುದು. ದೊಡ್ಡ ಕರುಳು ಸಾಗುವುದೂ ಅದೇ ದಿಕ್ಕಿಗೆ.

ಹೊಟ್ಟೆ ಉಬ್ಬಿದ್ದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಕೂಸು ಹಾಲು ಬಿಟ್ಟರೆ ಮನೆಮದ್ದಿಗೆ ಕೈಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಹುಟ್ಟಿದ 48 ಗಂಟೆಯೊಳಗೆ ಕಪ್ಪು ಹಸಿರಿನ ಮೊದಲ ಮಲ ಹೋಗದಿದ್ದರೂ ಅಷ್ಟೇ. ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದೆ ಹುಟ್ಟುವ ಕೂಸುಗಳುಂಟು. ಡೆನ್ಮಾರ್ಕಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ವಿವರಿಸಿದ ಈ ಕಾಯಿಲೆಗೆ ಶಸ್ತ್ರಚಿಕಿತ್ಸೆಯೇ ಬೇಕು, ಎಣ್ಣೆ ನಾಟುವುದಿಲ್ಲ. 'ಹುಟ್ಟಿದ ದಿನ ಕಪ್ಪಗೆ ಹೋಗಿತ್ತೇನಮ್ಮ?' ಎಂದು ವೈದ್ಯರು ತಾಯಿಯನ್ನು ಮೊದಲು ಕೇಳುವುದು ಇದಕ್ಕೇ.